ಆರೋಗ್ಯಕ್ಕೆ ಬೇಕಾದ ಫಿಟ್‌ನೆಸ್, ಆಟಕ್ಕೆ ಬೇಕಾದ ಫಿಟ್‌ನೆಸ್

ಫಿಟ್ ಇಂಡಿಯಾ ಕಾರ್ಯಕ್ರಮದಡಿ ಶಾಲೆಗಳಲ್ಲಿ ನಡೆಯುವ ದೈಹಿಕ ಸಾಮರ್ಥ್ಯದ ಮೌಲ್ಯಮಾಪನದಲ್ಲಿ ನಾಲ್ಕನೇ ತರಗತಿಯಿಂದ ಮೇಲಿನ ಮಕ್ಕಳು 50 ಮೀಟರ್ ವೇಗದ ಓಟ ಓಡಬೇಕು, 600 ಮೀಟರ್ ದೂರವನ್ನು ಓಡಿಯೋ ನಡೆದೋ ಮುಗಿಸಬೇಕು, ಕಾಲು ಚಾಚಿ ಕುಳಿತು ಮುಂದಕ್ಕೆ ಬಾಗಬೇಕು, ಪುಷ್‌ಅಪ್ ಮಾಡಬೇಕು, ಹೊಟ್ಟೆಯ ಸ್ನಾಯುಗಳ ಬಲ ತೋರಿಸಬೇಕು. ಇವುಗಳ ಜೊತೆಗೆ ಎತ್ತರ ಮತ್ತು ತೂಕ ಅಳೆದು ಬಿಎಂಐ ಲೆಕ್ಕ ಹಾಕಲಾಗುತ್ತದೆ. ಒಂದರಿಂದ ಮೂರನೇ ತರಗತಿಯ ಮಕ್ಕಳಾದರೆ ಒಂಟಿಕಾಲಿನಲ್ಲಿ ನಿಲ್ಲುವುದು ಹಾಗೂ ಮೇಜಿನ ಮೇಲಿನ ಎರಡು ಬಿಲ್ಲೆಗಳನ್ನು ಒಂದಾದ ಮೇಲೊಂದರಂತೆ ಬೇಗಬೇಗ ಮುಟ್ಟುವುದು. ಇಷ್ಟೂ ಅಂಕಿಗಳು ಒಂದೇ ಮಗುವಿನ ಹೆಸರಿನ ಮುಂದೆ ಸಾಲಾಗಿ ಕೂರುವುದರಿಂದ, ಎಲ್ಲವೂ ಒಂದೇ ಸಂಗತಿಯನ್ನು ಅಳೆಯುತ್ತಿವೆ ಎಂದು ಪೋಷಕರೂ ಹಲವು ಶಿಕ್ಷಕರೂ ಭಾವಿಸುವುದು ಸಹಜ. ಆದರೆ 50 ಮೀಟರ್ ಓಟದ ಸಮಯವು ಆ ಮಗು ಆಟದ ಅಂಗಳದಲ್ಲಿ ಎಷ್ಟು ಮುಂದೆ ಹೋಗಬಲ್ಲದು ಎಂಬುದರ ಸುಳಿವು ಕೊಟ್ಟರೆ, 600 ಮೀಟರ್ ಮುಗಿಸಲು ಅದು ಪಡುವ ಪಾಡು ಅದರ ಹೃದಯ ಮತ್ತು ಶ್ವಾಸಕೋಶಗಳ ಸ್ಥಿತಿಯನ್ನು ಹೇಳುತ್ತದೆ. ಮೊದಲನೆಯದರಲ್ಲಿ ಹಿಂದೆ ಬಿದ್ದರೆ ಚಿಂತಿಸಬೇಕಾದ ಕಾರಣವಿಲ್ಲ. ಎರಡನೆಯದರಲ್ಲಿ ತೀರಾ ಹಿಂದೆ ಬಿದ್ದರೆ ಮಾತ್ರ ಗಮನ ಕೊಡಬೇಕಾಗುತ್ತದೆ.

ದೈಹಿಕ ಶಿಕ್ಷಣದ ಪಠ್ಯಗಳು ಈ ಎರಡನ್ನು ಆರೋಗ್ಯ ಸಂಬಂಧಿ ದೈಹಿಕ ಸಾಮರ್ಥ್ಯ ಮತ್ತು ಕೌಶಲ ಸಂಬಂಧಿ ದೈಹಿಕ ಸಾಮರ್ಥ್ಯ ಎಂದು ವಿಂಗಡಿಸುತ್ತವೆ. ಈ ವಿಂಗಡಣೆಯನ್ನು ಸ್ಪಷ್ಟವಾಗಿ ಬರೆದಿಟ್ಟ ಲೇಖನಗಳಲ್ಲಿ ಅಮೆರಿಕದ ಕ್ಯಾಸ್ಪರ್ಸನ್, ಪೊವೆಲ್ ಮತ್ತು ಕ್ರಿಸ್ಟೆನ್ಸನ್ 1985ರಲ್ಲಿ ಪ್ರಕಟಿಸಿದ್ದು ಇಂದಿಗೂ ಹೆಚ್ಚು ಉಲ್ಲೇಖವಾಗುವಂಥದ್ದು. ಹೃದಯ ಮತ್ತು ಶ್ವಾಸಕೋಶಗಳ ತಾಳಿಕೆ, ಸ್ನಾಯುಗಳ ಬಲ, ಸ್ನಾಯುಗಳ ತಾಳಿಕೆ, ಕೀಲುಗಳ ಬಾಗುವಿಕೆ ಮತ್ತು ದೇಹದಲ್ಲಿ ಕೊಬ್ಬು ಹಾಗೂ ಉಳಿದ ಅಂಶಗಳ ಪ್ರಮಾಣ, ಈ ಐದನ್ನು ಅವರು ಆರೋಗ್ಯದ ಕಡೆಗೆ ಹಾಕಿದರು. ವೇಗ, ಚುರುಕುತನ, ಸಮತೋಲನ, ಕೈ ಕಾಲು ಕಣ್ಣುಗಳ ಹೊಂದಾಣಿಕೆ, ಒಮ್ಮೆಲೇ ಚಿಮ್ಮುವ ಶಕ್ತಿ ಮತ್ತು ಪ್ರತಿಕ್ರಿಯೆಗೆ ತಗಲುವ ಸಮಯ, ಈ ಆರು ಕೌಶಲದ ಪಾಲಿಗೆ ಬಂದವು. ಪರೀಕ್ಷೆಗೆ ಓದುವವರು ಬಾಯಿಪಾಠ ಮಾಡಿಕೊಳ್ಳುವುದು ಈ ಹನ್ನೊಂದು ಹೆಸರುಗಳನ್ನೇ. ಹೆಸರುಗಳು ಗೊತ್ತಿದ್ದರೆ ವ್ಯತ್ಯಾಸ ತಿಳಿದಂತಾಗುವುದಿಲ್ಲ ಎಂಬುದು ಮಾತ್ರ ನನ್ನ ತಕರಾರು.

ನಿಜವಾದ ವ್ಯತ್ಯಾಸವಿರುವುದು ಅಳತೆಯ ಬಗೆಯಲ್ಲಿ. ಆರೋಗ್ಯದ ಕಡೆಯ ಸಾಮರ್ಥ್ಯಗಳಿಗೆ ‘ಇಷ್ಟಿದ್ದರೆ ಸಾಕು’ ಎನ್ನಬಹುದಾದ ಒಂದು ಮಟ್ಟವಿರುತ್ತದೆ. ಆ ಮಟ್ಟವನ್ನು ಇಡೀ ತರಗತಿಯೇ ದಾಟಬಹುದು, ಒಬ್ಬರು ದಾಟಿದ್ದರಿಂದ ಇನ್ನೊಬ್ಬರಿಗೆ ನಷ್ಟವಿಲ್ಲ. ಕ್ರೀಡೆಯಲ್ಲಿ ಸಾಕು ಎಂಬ ಮಾತಿಲ್ಲ. ಅಲ್ಲಿ ಎದುರಾಳಿಗಿಂತ ಒಂದು ಗೇಣು ಮುಂದಿರುವುದೇ ಅಳತೆ, ಎದುರಾಳಿ ಬದಲಾದರೆ ಅಳತೆಯೂ ಬದಲಾಗುತ್ತದೆ. ತಾಲ್ಲೂಕು ಮಟ್ಟದಲ್ಲಿ ಮೊದಲು ಬಂದ ವೇಗ ರಾಜ್ಯ ಮಟ್ಟದ ಹೀಟ್ಸ್‌ನಲ್ಲೇ ಉಳಿದುಹೋಗುವುದನ್ನು ಎಲ್ಲ ಪಿ.ಟಿ. ಮೇಷ್ಟ್ರುಗಳೂ ಕಂಡಿರುತ್ತಾರೆ.

ಆಟವೇ ಬಾರದವರಿಗೂ ಆರೋಗ್ಯದ ಸಾಮರ್ಥ್ಯ ದಕ್ಕುತ್ತದೆ ಎಂಬುದಕ್ಕೆ ಒಳ್ಳೆಯ ನಿದರ್ಶನ ಲಂಡನ್ನಿನ ಬಸ್ಸುಗಳಿಂದ ಬಂದಿದೆ. ಜೆರೆಮಿ ಮಾರಿಸ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಆ ನಗರದ ಡಬಲ್ ಡೆಕ್ಕರ್ ಬಸ್ಸುಗಳ ಚಾಲಕರನ್ನೂ ಕಂಡಕ್ಟರುಗಳನ್ನೂ ಹೋಲಿಸಿ 1953ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ಸಂಸ್ಥೆ, ಹೆಚ್ಚುಕಡಿಮೆ ಒಂದೇ ವರ್ಗದಿಂದ ಬಂದ ನೌಕರರು. ಒಬ್ಬರು ದಿನವಿಡೀ ಕುಳಿತು ಓಡಿಸುವವರು, ಇನ್ನೊಬ್ಬರು ಟಿಕೆಟ್ ಕೊಡುತ್ತಾ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವವರು. ಹೃದಯದ ರಕ್ತನಾಳಗಳ ಕಾಯಿಲೆ ಕಂಡಕ್ಟರುಗಳಲ್ಲಿ ಕಡಿಮೆಯಿತ್ತು, ಬಂದರೂ ಅಷ್ಟು ತೀವ್ರವಾಗಿರಲಿಲ್ಲ. ಚಾಲಕರಾಗಿ ಸೇರಿದವರು ಮೊದಲಿಂದಲೇ ದಪ್ಪಗಿದ್ದಿರಬಹುದಲ್ಲವೇ ಎಂಬ ಅನುಮಾನ ಮಾರಿಸ್ ಅವರಿಗೇ ಇತ್ತು. ಅದಕ್ಕಾಗಿ ಅವರ ತಂಡ ನೌಕರರ ಸಮವಸ್ತ್ರದ ಪ್ಯಾಂಟುಗಳ ಸೊಂಟದ ಅಳತೆಯ ದಾಖಲೆಗಳನ್ನೇ ಪರಿಶೀಲಿಸಿ, ಚಾಲಕರ ಸೊಂಟ ನಿಜವಾಗಿಯೂ ಅಗಲವಾಗಿತ್ತು ಎಂದು 1956ರಲ್ಲಿ ಒಪ್ಪಿಕೊಂಡಿತು. ಸಂಶೋಧಕರು ತಮ್ಮ ಸಿದ್ಧಾಂತವನ್ನು ತಾವೇ ಹೀಗೆ ಕೆದಕಿ ನೋಡುವುದು ಅಪರೂಪ. ನಡೆದೋ ಸೈಕಲ್ ತುಳಿದೋ ಅಂಚೆ ಹಂಚುವವರನ್ನು ಕಚೇರಿಯಲ್ಲಿ ಕುಳಿತು ಕೆಲಸ ಮಾಡುವವರ ಜೊತೆ ಹೋಲಿಸಿದಾಗಲೂ ಫಲಿತಾಂಶ ಅದೇ ದಿಕ್ಕಿನಲ್ಲಿತ್ತು. ಬಸ್ಸಿನ ಮೆಟ್ಟಿಲು ಹತ್ತಲು ಚುರುಕುತನದ ತರಬೇತಿ ಬೇಕಿಲ್ಲ, ಹುಟ್ಟು ಪ್ರತಿಭೆಯೂ ಬೇಕಿಲ್ಲ.

ಎಷ್ಟಿದ್ದರೆ ಸಾಕು ಎಂಬ ಪ್ರಶ್ನೆಗೆ ಹತ್ತಿರದ ಉತ್ತರ 1989ರಲ್ಲಿ ಸಿಕ್ಕಿತು. ಅಮೆರಿಕದ ಡಲ್ಲಾಸ್ ನಗರದ ಕೂಪರ್ ಸಂಸ್ಥೆಯಲ್ಲಿ ಸ್ಟೀವನ್ ಬ್ಲೇರ್ ಮತ್ತು ಅವರ ತಂಡ 13,344 ಸ್ತ್ರೀಪುರುಷರನ್ನು ಟ್ರೆಡ್‌ಮಿಲ್ ಮೇಲೆ ಪರೀಕ್ಷಿಸಿ, ಸಾಮರ್ಥ್ಯದ ಆಧಾರದ ಮೇಲೆ ಐದು ಗುಂಪುಗಳಾಗಿ ವಿಂಗಡಿಸಿ, ಸರಾಸರಿ ಎಂಟು ವರ್ಷಗಳಿಗಿಂತ ಹೆಚ್ಚು ಕಾಲ ಗಮನಿಸಿತು. ಪುರುಷರಲ್ಲಿ ಅತಿ ಕಡಿಮೆ ಸಾಮರ್ಥ್ಯದ ಗುಂಪಿನ ಮರಣ ಪ್ರಮಾಣ, 10,000 ಜನರನ್ನು ಒಂದು ವರ್ಷ ಗಮನಿಸಿದರೆ ಎಂಬ ಲೆಕ್ಕದಲ್ಲಿ, 64 ಇತ್ತು. ಅದಕ್ಕಿಂತ ಒಂದೇ ಮೆಟ್ಟಿಲು ಮೇಲಿನ ಗುಂಪಿನಲ್ಲಿ ಅದು 25.5ಕ್ಕೆ ಇಳಿದಿತ್ತು, ಅತ್ಯುತ್ತಮ ಗುಂಪಿನಲ್ಲಿ 18.6. ಎಂದರೆ ಲಾಭದ ದೊಡ್ಡ ಪಾಲು ತಳದ ಗುಂಪಿನಿಂದ ಅದರ ಮೇಲಿನ ಗುಂಪಿಗೆ ಏರುವಾಗಲೇ ಸಿಕ್ಕಿಬಿಡುತ್ತದೆ. ಮೇಲಿನ ಮಟ್ಟಗಳಲ್ಲೂ ಲಾಭ ಮುಂದುವರಿಯುತ್ತದೆ ಎಂದು ಇತ್ತೀಚಿನ ದೊಡ್ಡ ಅಧ್ಯಯನಗಳು ತೋರಿಸಿವೆ, ಆದ್ದರಿಂದ ‘ಸಾಕು’ ಎಂಬುದನ್ನು ಗೋಡೆಯಂತೆ ಭಾವಿಸಬೇಕಿಲ್ಲ. ಆದರೂ ಸೋಫಾದಿಂದ ಎದ್ದು ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯತೊಡಗಿದ ಮಧ್ಯವಯಸ್ಕರಿಗೆ ಸಿಗುವಷ್ಟು ಲಾಭ, 10 ಕಿಲೋಮೀಟರ್ ಓಟದ ಸಮಯವನ್ನು 52 ನಿಮಿಷದಿಂದ 48ಕ್ಕೆ ಇಳಿಸಿಕೊಂಡವರಿಗೆ ಸಿಗುವುದಿಲ್ಲ. ಆ ನಾಲ್ಕು ನಿಮಿಷದಲ್ಲಿ ಹುರುಪಿದೆ, ಸ್ನೇಹಿತರೆದುರು ಹೇಳಿಕೊಳ್ಳುವ ಹೆಮ್ಮೆಯಿದೆ. ಅದನ್ನು ಆರೋಗ್ಯದ ಖಾತೆಗೆ ಬರೆದುಕೊಳ್ಳುವಾಗ ಮಾತ್ರ ಸ್ವಲ್ಪ ಯೋಚಿಸಬೇಕು.

ಎರಡು ಬಗೆಯ ಅಳತೆಗಳನ್ನು ಕಲಸಿಬಿಟ್ಟರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಶಾಲೆಗಳ ಚರಿತ್ರೆ ತೋರಿಸುತ್ತದೆ. 1950ರ ದಶಕದ ಆರಂಭದಲ್ಲಿ ಹ್ಯಾನ್ಸ್ ಕ್ರಾಸ್ ಎಂಬ ವೈದ್ಯರು ಮತ್ತು ಅವರ ಸಹವರ್ತಿಗಳು ಶಾಲಾ ಮಕ್ಕಳಿಗೆ ಆರು ಸರಳ ಚಲನೆಗಳ ಪರೀಕ್ಷೆ ನಡೆಸಿದರು. ಬೆನ್ನುನೋವಿನ ಚಿಕಿತ್ಸೆಯ ಅನುಭವದಿಂದ ಹುಟ್ಟಿದ ಈ ಪರೀಕ್ಷೆ ಬೆನ್ನು, ಹೊಟ್ಟೆಯ ಸ್ನಾಯುಗಳ ಕನಿಷ್ಠ ಬಲವನ್ನೂ ಬಾಗುವಿಕೆಯನ್ನೂ ನೋಡುವಂಥದ್ದು. ಅಮೆರಿಕದ ಮಕ್ಕಳಲ್ಲಿ ನೂರಕ್ಕೆ ಸುಮಾರು 58 ಮಂದಿ ಕನಿಷ್ಠ ಒಂದರಲ್ಲಿ ಸೋತರೆ, ಇಟಲಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನ ಮಕ್ಕಳಲ್ಲಿ ಸೋತವರು ನೂರಕ್ಕೆ ಸುಮಾರು ಒಂಬತ್ತು ಮಂದಿ. ಶೀತಲ ಸಮರದ ಆ ದಿನಗಳಲ್ಲಿ ಈ ಸುದ್ದಿ ಅಧ್ಯಕ್ಷ ಐಸೆನ್‌ಹೋವರ್ ಅವರನ್ನು ತಲುಪಿ, 1956ರಲ್ಲಿ ಯುವಜನರ ದೈಹಿಕ ಸಾಮರ್ಥ್ಯಕ್ಕಾಗಿ ಒಂದು ಮಂಡಳಿಯೇ ರಚನೆಯಾಯಿತು.

ವಿಚಿತ್ರವೆಂದರೆ, ಸಮಸ್ಯೆಯನ್ನು ಪತ್ತೆ ಮಾಡಿದ್ದು ಆರೋಗ್ಯದ ಪರೀಕ್ಷೆ, ಆದರೆ ಪರಿಹಾರವಾಗಿ 1958ರಲ್ಲಿ ಶಾಲೆಗಳಿಗೆ ಬಂದದ್ದು ಕ್ರೀಡಾ ಪ್ರತಿಭೆಯ ಪರೀಕ್ಷೆ. ಅದರಲ್ಲಿ 50 ಗಜಗಳ ವೇಗದ ಓಟ, ನಿಂತಲ್ಲಿಂದ ಉದ್ದ ಜಿಗಿತ, ತಿರುಗಿ ತಿರುಗಿ ಓಡುವ ಶಟಲ್ ಓಟ, ಕೊನೆಗೆ ಸಾಫ್ಟ್‌ಬಾಲ್ ಎಸೆತ ಕೂಡ ಸೇರಿತ್ತು. ಚೆಂಡನ್ನು ದೂರ ಎಸೆಯುವುದಕ್ಕೂ ಮುಂದೆ ರಕ್ತದೊತ್ತಡ ಬರುವುದಕ್ಕೂ ಏನು ಸಂಬಂಧ ಎಂದು ಆಗ ಕೇಳಿದವರು ಕಡಿಮೆ. 1966ರಿಂದ ಅಧ್ಯಕ್ಷರ ಹೆಸರಿನ ಪ್ರಶಸ್ತಿಯೊಂದು ಇದಕ್ಕೆ ಅಂಟಿಕೊಂಡಿತು. ಅದನ್ನು ಪಡೆಯಲು ಎಲ್ಲ ಪರೀಕ್ಷೆಗಳಲ್ಲೂ ನೂರರಲ್ಲಿ 85 ಮಕ್ಕಳಿಗಿಂತ ಮುಂದಿರಬೇಕಿತ್ತು. ಇಂತಹ ನಿಯಮದಲ್ಲಿ ದೇಶದ ಮಕ್ಕಳೆಲ್ಲ ಎಷ್ಟೇ ಸುಧಾರಿಸಿದರೂ ಬಹುಪಾಲು ಮಕ್ಕಳು ಸೋಲಲೇಬೇಕು, ಏಕೆಂದರೆ ಗೆರೆಯನ್ನು ಎಳೆಯುವುದೇ ಉಳಿದವರ ತಲೆಯ ಮೇಲೆ.

1980ರಲ್ಲಿ ದೈಹಿಕ ಶಿಕ್ಷಕರ ರಾಷ್ಟ್ರೀಯ ಸಂಘವೇ ದೂರದ ಓಟ, ಚರ್ಮದಡಿಯ ಕೊಬ್ಬಿನ ಅಳತೆ, ಸಿಟ್‌ಅಪ್ ಮತ್ತು ಮುಂದಕ್ಕೆ ಬಾಗುವ ಪರೀಕ್ಷೆಗಳನ್ನಷ್ಟೇ ಇಟ್ಟುಕೊಂಡು ಆರೋಗ್ಯಕ್ಕೆಂದೇ ಬೇರೆಯ ಪಟ್ಟಿ ಮಾಡಿತು. 1982ರಲ್ಲಿ ಕೂಪರ್ ಸಂಸ್ಥೆ ಆರಂಭಿಸಿದ ಫಿಟ್‌ನೆಸ್‌ಗ್ರಾಮ್ ಕ್ರಮೇಣ ಮಗುವನ್ನು ಮಗುವಿನೊಂದಿಗೆ ಹೋಲಿಸುವುದನ್ನು ಬಿಟ್ಟು, ಆ ವಯಸ್ಸಿಗೆ ಆರೋಗ್ಯಕರವೆನ್ನಬಹುದಾದ ಮಟ್ಟವನ್ನು ಮುಟ್ಟಿದೆಯೇ ಎಂದಷ್ಟೇ ನೋಡತೊಡಗಿತು. ಹಳೆಯ ಅಧ್ಯಕ್ಷೀಯ ಪರೀಕ್ಷೆ 2012-13ರ ಹೊತ್ತಿಗೆ ನಿಂತುಹೋಯಿತು. 2025ರ ಜುಲೈನಲ್ಲಿ ಅಧ್ಯಕ್ಷ ಟ್ರಂಪ್ ಅದನ್ನು ಮತ್ತೆ ತರುವ ಆದೇಶಕ್ಕೆ ಸಹಿ ಹಾಕಿದ್ದರಿಂದ ಆ ಚರ್ಚೆ ಅಲ್ಲಿ ಇನ್ನೂ ಮುಗಿದಿಲ್ಲ.

ನಮ್ಮ ಶಾಲೆಗಳ ಪಟ್ಟಿಯಲ್ಲಿ ಎರಡೂ ಬಗೆಯವು ಇರುವುದು ಸ್ವತಃ ತಪ್ಪಲ್ಲ. ಕ್ರೀಡಾ ಪ್ರತಿಭೆಯನ್ನು ಗುರುತಿಸುವುದೂ ಅದರ ಒಂದು ಉದ್ದೇಶ, ಅದಕ್ಕೆ ವೇಗದ ಓಟ ಬೇಕೇ ಬೇಕು. ಆದರೆ ಫಲಿತಾಂಶವನ್ನು ಮನೆಗೆ ಕಳಿಸುವಾಗ ಎರಡನ್ನೂ ಕೂಡಿಸಿ ಒಂದೇ ದರ್ಜೆ ಮಾಡಿಬಿಟ್ಟರೆ, ಓಟದಲ್ಲಿ ನಿಧಾನವಾಗಿದ್ದರೂ ಹೃದಯ ಗಟ್ಟಿಯಾಗಿರುವ ಮಗು ತಾನು ದುರ್ಬಲ ಎಂದು ನಂಬಿ ಮೈದಾನದಿಂದ ದೂರ ಸರಿಯುತ್ತದೆ. ಆರೋಗ್ಯದ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ. ಬಾಲ್ಯದಲ್ಲಿ ಕೌಶಲಗಳನ್ನು ಕಲಿಸಲೇಬೇಕು, ಏಕೆಂದರೆ ಚೆಂಡು ಹಿಡಿಯಲು, ಸಮತೋಲನ ತಪ್ಪದೆ ಓಡಲು ಬಂದ ಮಗು ಆಟವನ್ನು ಇಷ್ಟಪಟ್ಟು ಮುಂದೆಯೂ ಆಡುತ್ತಿರುತ್ತದೆ. ಅದನ್ನು ಕಲಿಸುವ ವಿಷಯವಾಗಿ ಇಡಬೇಕೇ ಹೊರತು ಆರೋಗ್ಯದ ಅಂಕವಾಗಿ ಬಳಸಬಾರದು.

ಕೌಶಲದ ಕಡೆಯ ಸಾಮರ್ಥ್ಯದ ಇನ್ನೊಂದು ಗುಣವೆಂದರೆ ಅದು ತನ್ನ ಆಟಕ್ಕೆ ಕಟ್ಟುಬಿದ್ದಿರುತ್ತದೆ. ಈ ವಿಷಯದಲ್ಲಿ ಕರಾವಳಿಯ ಕಂಬಳ ಕೊಟ್ಟಷ್ಟು ಚೆಂದದ ಉದಾಹರಣೆ ಬೇರೆ ಸಿಗಲಾರದು. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಯಾರೋ ಅದನ್ನು 100 ಮೀಟರಿಗೆ ಇಳಿಸಿ 9.55 ಸೆಕೆಂಡ್ ಎಂದು ಲೆಕ್ಕ ಹಾಕಿದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಬರೆದ ವಿಶ್ವದಾಖಲೆ 9.58. ದೇಶವೆಲ್ಲ ಕೊಂಡಾಡಿತು, ಅಂದಿನ ಕೇಂದ್ರ ಕ್ರೀಡಾ ಸಚಿವ ಕಿರೆನ್ ರಿಜಿಜು ಅವರು ಭಾರತೀಯ ಕ್ರೀಡಾ ಪ್ರಾಧಿಕಾರದ ಟ್ರಯಲ್ಸ್‌ಗೆ ಆಹ್ವಾನ ಕೊಟ್ಟರು. ಗೌಡರು ಅದನ್ನು ಒಪ್ಪಲಿಲ್ಲ. ಕಂಬಳದ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ, ಇಲ್ಲಿ ಕೋಣಗಳ ಪಾಲೂ ಇದೆ ಎಂಬುದು ಅವರ ನಿಲುವಾಗಿತ್ತು. ತರಬೇತಿ ವಿಜ್ಞಾನದ ಪುಸ್ತಕಗಳು ಹಲವು ಪುಟಗಳಲ್ಲಿ ವಿವರಿಸುವ ನಿರ್ದಿಷ್ಟತೆಯ ತತ್ವವನ್ನು ಅವರು ಸರಳವಾಗಿ ಹೇಳಿಬಿಟ್ಟರು. ಕೆಸರಿನಲ್ಲಿ, ಮುಂದಕ್ಕೆ ಎಳೆಯುವ ಕೋಣಗಳ ಜೊತೆ ಹೆಜ್ಜೆ ಹೊಂದಿಸಿ ಓಡುವಾಗ ಪಾದ ಊರುವ ರೀತಿ, ಮೈ ವಾಲುವ ರೀತಿ, ಮಿದುಳು ಸ್ನಾಯುಗಳಿಗೆ ಕೊಡುವ ಆಜ್ಞೆಗಳ ಕ್ರಮ, ಎಲ್ಲವೂ ಆ ಗದ್ದೆಗೆ ತಕ್ಕಂತೆ ರೂಪುಗೊಂಡಿರುತ್ತವೆ. ಸ್ಟಾರ್ಟಿಂಗ್ ಬ್ಲಾಕಿನಿಂದ ಚಿಮ್ಮಿ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಓಡುವುದನ್ನು ಮತ್ತೆ ಮೊದಲಿಂದ ಕಲಿಯಬೇಕಾಗುತ್ತದೆ.

ಖೊ-ಖೊ ಆಟಗಾರ್ತಿಯ ಚುರುಕುತನ ಬ್ಯಾಡ್ಮಿಂಟನ್ ಅಂಕಣದಲ್ಲಿ ಅಷ್ಟಕ್ಕಷ್ಟೇ ಉಪಯೋಗಕ್ಕೆ ಬರುವುದೂ ಇದೇ ಕಾರಣದಿಂದ. ಹೃದಯದ ತಾಳಿಕೆಯ ವಿಷಯ ಹಾಗಲ್ಲ. ಈಜಿ ಗಳಿಸಿದರೂ ಸೈಕಲ್ ತುಳಿದು ಗಳಿಸಿದರೂ ಗದ್ದೆ ಕೆಲಸದಿಂದ ಬಂದರೂ, ಅದು ರಕ್ತದೊತ್ತಡದ ಮೇಲೂ ರಕ್ತದ ಸಕ್ಕರೆಯ ಮೇಲೂ ಬೀರುವ ಪರಿಣಾಮ ಬಹುತೇಕ ಒಂದೇ ಬಗೆಯದು. ಆರೋಗ್ಯಕ್ಕಾಗಿ ವ್ಯಾಯಾಮ ಮಾಡುವವರಿಗೆ ಇದು ದೊಡ್ಡ ಸ್ವಾತಂತ್ರ್ಯ. ಯಾವ ವ್ಯಾಯಾಮ ಶ್ರೇಷ್ಠ ಎಂಬ ವಾದದಲ್ಲಿ ವರ್ಷ ಕಳೆಯುವ ಬದಲು ತಮಗೆ ಹಿಡಿಸಿದ್ದನ್ನು ಮಾಡಬಹುದು.

ಎರಡರ ನಡುವೆ ನಿಲ್ಲುವ ಪರೀಕ್ಷೆಗಳೂ ಇವೆ. ಡೆನ್ಮಾರ್ಕಿನ ಯೆನ್ಸ್ ಬಾಂಗ್ಸ್‌ಬೊ ರೂಪಿಸಿದ ಯೋ-ಯೋ ಪರೀಕ್ಷೆಯಲ್ಲಿ 20 ಮೀಟರ್ ಅಂತರವನ್ನು ಹೋಗಿ ಬಂದು, ಹತ್ತು ಸೆಕೆಂಡ್ ಸುಧಾರಿಸಿಕೊಂಡು, ಬೀಪ್ ಸದ್ದಿನ ಜೊತೆ ವೇಗ ಹೆಚ್ಚಿಸುತ್ತಾ ಮತ್ತೆ ಓಡಬೇಕು. ಭಾರತ ಕ್ರಿಕೆಟ್ ತಂಡಕ್ಕೆ 2017ರ ಸುಮಾರಿಗೆ ಇದು ಕಡ್ಡಾಯವಾಗಿ, ತೇರ್ಗಡೆಗೆ 16.1 ಎಂಬ ಮಟ್ಟ ನಿಗದಿಯಾದಾಗ, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಿಂದ ಬರುವ ಅಂಕಿಗಳು ಪತ್ರಿಕೆಗಳ ಮುಖಪುಟದ ಸುದ್ದಿಯಾಗುತ್ತಿದ್ದವು. ಅದು ಅಳೆಯುವುದು ಹೃದಯದ ತಾಳಿಕೆಯನ್ನೂ, ತಟ್ಟನೆ ನಿಂತು ತಿರುಗುವ ಚುರುಕುತನವನ್ನೂ, ದಣಿದ ಮೇಲೆ ಬೇಗ ಚೇತರಿಸಿಕೊಳ್ಳುವ ಶಕ್ತಿಯನ್ನೂ ಒಟ್ಟಿಗೆ. ಅದರಲ್ಲಿ ಸೋತ ಆಟಗಾರ ಅನಾರೋಗ್ಯವಂತ ಎಂದು ಅರ್ಥವಲ್ಲ, ಪಾಸಾದವನು ಸ್ವಿಂಗ್ ಬೌಲಿಂಗ್ ಎದುರಿಸಬಲ್ಲ ಎಂದೂ ಅಲ್ಲ.

ಕ್ರೀಡೆಯ ಶಿಖರದತ್ತ ಹೋದಂತೆ ಆರೋಗ್ಯದ ದಾರಿ ಕೆಲವೊಮ್ಮೆ ಬೇರೆ ಕಡೆಗೆ ತಿರುಗುತ್ತದೆ ಎಂಬುದನ್ನೂ ಹೇಳಬೇಕು. ವೇಗದ ಬೌಲರುಗಳ ಬೆನ್ನೆಲುಬಿನ ಕೆಳಭಾಗದಲ್ಲಿ ಒತ್ತಡದಿಂದ ಬಿರುಕು ಬೀಳುವುದು ಆ ಕಸುಬಿನ ಪರಿಚಿತ ಕಾಯಿಲೆ. ಜಸ್‌ಪ್ರೀತ್ ಬುಮ್ರಾ ಬೆನ್ನಿನ ತೊಂದರೆಯಿಂದಲೇ 2022ರ ಟಿ20 ವಿಶ್ವಕಪ್ ತಪ್ಪಿಸಿಕೊಂಡರು. ತೂಕ ಕಡಿಮೆಯಿದ್ದಷ್ಟೂ ವೇಗ ಎಂದು ನಂಬಿ ಸಾಕಷ್ಟು ಉಣ್ಣದೆ ತರಬೇತಿ ನಡೆಸುವ ಓಟಗಾರ್ತಿಯರಲ್ಲಿ ಮುಟ್ಟು ನಿಲ್ಲುವುದು, ಮೂಳೆ ಸವೆಯುವುದು ಎಷ್ಟು ಸಾಮಾನ್ಯವೆಂದರೆ, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಶಕ್ತಿಯ ಕೊರತೆಯಿಂದ ಉಂಟಾಗುವ ಈ ಸ್ಥಿತಿಗೆ ಹೊಸ ವೈದ್ಯಕೀಯ ಹೆಸರನ್ನೇ ಕೊಟ್ಟಿತು. ಜಪಾನಿನ ಸುಮೋ ಕುಸ್ತಿಪಟುಗಳ ಭಾರೀ ಮೈ ಅವರ ಆಟಕ್ಕೆ ಆಸ್ತಿ, ನಿವೃತ್ತಿಯ ನಂತರ ಅದೇ ಮೈ ಹೊರೆ.

ಕಣ್ಣಿಗೆ ಕಾಣುವ ಸಾಮರ್ಥ್ಯವನ್ನೇ ಆರೋಗ್ಯದ ಪ್ರಮಾಣಪತ್ರವೆಂದು ತಿಳಿಯುವ ಅಭ್ಯಾಸ ಕರ್ನಾಟಕವನ್ನು ಒಮ್ಮೆ ಬಹಳ ತಳಮಳಕ್ಕೆ ದೂಡಿತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ, ಅಷ್ಟು ಲೀಲಾಜಾಲವಾಗಿ ಕುಣಿಯುತ್ತಿದ್ದವರಿಗೇ ಹೀಗಾದರೆ ನಮ್ಮ ಗತಿಯೇನು ಎಂದು ಜನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗೆ ಸಾಲುಗಟ್ಟಿದರು. ಇನ್ನು ಕೆಲವರು ಜಿಮ್ಮಿಗೆ ಹೋಗುವುದನ್ನೇ ಬಿಟ್ಟರು. ಒಬ್ಬರ ಸಾವಿನಿಂದ ವ್ಯಾಯಾಮದ ಪರವಾಗಿಯೋ ವಿರುದ್ಧವಾಗಿಯೋ ಯಾವ ತೀರ್ಮಾನವನ್ನೂ ಎಳೆಯಲಾಗದು, ಎಳೆಯಲೂಬಾರದು. ಆದರೆ ಸಾಮಾನ್ಯವಾಗಿ ಹೇಳಬಹುದಾದದ್ದು ಇಷ್ಟು: ಕುಣಿತ, ಸಾಹಸ, ಜಿಗಿತಗಳು ಸಮತೋಲನ, ಹೊಂದಾಣಿಕೆ, ಚಿಮ್ಮುವ ಶಕ್ತಿಗಳನ್ನು ತೋರಿಸುತ್ತವೆ, ರಕ್ತದೊತ್ತಡ, ಕೊಲೆಸ್ಟರಾಲ್, ಸಕ್ಕರೆ, ಮನೆತನದಲ್ಲಿ ಹರಿದುಬಂದ ಹೃದ್ರೋಗ ಇವುಗಳ ಬಗ್ಗೆ ಅವು ಏನನ್ನೂ ತಿಳಿಸುವುದಿಲ್ಲ. ಅಷ್ಟೇ ಏಕೆ, ಆರೋಗ್ಯದ ಕಡೆಯ ಐದು ಸಾಮರ್ಥ್ಯಗಳೂ ಅಪಾಯವನ್ನು ತಗ್ಗಿಸುತ್ತವೆಯೇ ಹೊರತು ಇಲ್ಲವಾಗಿಸುವುದಿಲ್ಲ. ಅವಿದ್ದರೂ ವೈದ್ಯರ ತಪಾಸಣೆ ತಪ್ಪುವುದಿಲ್ಲ.

ಇನ್ನು ವಯಸ್ಸಾದವರ ವಿಷಯಕ್ಕೆ ಬಂದರೆ, ಹನ್ನೊಂದು ಹೆಸರುಗಳ ನಡುವೆ ಎಳೆದ ಗೆರೆ ಅಳಿಸಿಹೋಗತೊಡಗುತ್ತದೆ. ಪಠ್ಯಪುಸ್ತಕದಲ್ಲಿ ಕೌಶಲದ ಪಾಲಿಗೆ ಬಿದ್ದ ಸಮತೋಲನ ಅರವತ್ತೈದರ ನಂತರ ಅಪ್ಪಟ ಆರೋಗ್ಯದ ವಿಷಯ. ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಹಿರಿಯರು ಹಾಸಿಗೆ ಹಿಡಿದು, ಅಲ್ಲಿಂದ ಒಂದೊಂದಾಗಿ ಬೇರೆ ತೊಂದರೆಗಳು ಶುರುವಾಗುವುದನ್ನು ಕಾಣದ ಕುಟುಂಬ ಕಡಿಮೆ. ಬ್ರೆಜಿಲ್ ದೇಶದಲ್ಲಿ 51ರಿಂದ 75 ವರ್ಷದ 1,702 ಮಂದಿಯನ್ನು ಹತ್ತು ಸೆಕೆಂಡ್ ಒಂಟಿಕಾಲಿನಲ್ಲಿ ನಿಲ್ಲಿಸಿ, ಮುಂದಿನ ವರ್ಷಗಳಲ್ಲಿ ಅವರನ್ನು ಗಮನಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಐವರಲ್ಲಿ ಒಬ್ಬರಿಗೆ ಹಾಗೆ ನಿಲ್ಲಲಾಗಲಿಲ್ಲ. ವಯಸ್ಸು, ತೂಕ, ಇರುವ ಕಾಯಿಲೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ನಿಲ್ಲಲಾಗದವರಲ್ಲಿ ಸಾವಿನ ಅಪಾಯ ಶೇ. 84ರಷ್ಟು ಹೆಚ್ಚಿತ್ತು. ಒಂಟಿಕಾಲಿನಲ್ಲಿ ನಿಂತರೆ ಆಯುಸ್ಸು ಹೆಚ್ಚುತ್ತದೆ ಎಂದು ಇದರ ಅರ್ಥವಲ್ಲ. ಆದರೆ ಆಟಗಾರರ ಗುಣವೆಂದು ಬದಿಗಿಟ್ಟದ್ದು ಇಡೀ ದೇಹದ ಸ್ಥಿತಿಗೆ ಕನ್ನಡಿಯಾಗಬಲ್ಲದು ಎಂಬುದಂತೂ ಸ್ಪಷ್ಟ.

ಚಿಮ್ಮುವ ಶಕ್ತಿಯದ್ದೂ ಇದೇ ಕಥೆ. ಬರಿಯ ಬಲಕ್ಕಿಂತ ಬಲವನ್ನು ವೇಗವಾಗಿ ಬಳಸುವ ಶಕ್ತಿ ವಯಸ್ಸಿನೊಂದಿಗೆ ಬೇಗ ಕುಸಿಯುತ್ತದೆ, ಏಕೆಂದರೆ ಸ್ನಾಯುವಿನಲ್ಲಿ ಮೊದಲು ಕ್ಷೀಣಿಸುವುದು ವೇಗವಾಗಿ ಸಂಕುಚಿಸುವ ಎಳೆಗಳು. ಎಡವಿದಾಗ ತಟ್ಟನೆ ಇನ್ನೊಂದು ಕಾಲನ್ನು ಮುಂದಿಟ್ಟು ಮೈ ಹಿಡಿದುಕೊಳ್ಳುವುದಕ್ಕೂ, ಬಸ್ಸಿನ ಎತ್ತರದ ಮೆಟ್ಟಿಲನ್ನು ಒಂದೇ ಹೆಜ್ಜೆಗೆ ಏರುವುದಕ್ಕೂ ಬೇಕಾದದ್ದು ಈ ಶಕ್ತಿಯೇ. ಜಿಗಿತದ ಸ್ಪರ್ಧಿ ಅದನ್ನು ಸೆಂಟಿಮೀಟರುಗಳಲ್ಲಿ ಅಳೆದುಕೊಳ್ಳುತ್ತಾನೆ. ಎಪ್ಪತ್ತರ ಅಜ್ಜಿಗೆ ಬೇಕಿರುವುದು ಬೀಳದೆ ಉಳಿಯುವಷ್ಟು. ಅಲ್ಲಿಗೆ ಅದೇ ಗುಣ ಕ್ರೀಡೆಯ ಅಳತೆಯಿಂದ ‘ಸಾಕು’ ಎಂಬ ಅಳತೆಗೆ ಬಂದು ನಿಂತಂತಾಯಿತು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಈ ಬದಲಾವಣೆಯನ್ನು ಒಪ್ಪಿಕೊಂಡಿದೆ. ವಯಸ್ಕರೆಲ್ಲರಿಗೂ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ಅಥವಾ 75ರಿಂದ 150 ನಿಮಿಷ ಬಿರುಸಿನ ಚಟುವಟಿಕೆ, ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ ಎಂದು ಹೇಳಿ, 65 ದಾಟಿದವರಿಗೆ ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಬಲಕ್ಕೆ ಒತ್ತು ಕೊಡುವ ಚಟುವಟಿಕೆಯನ್ನು ಅದು ಸೇರಿಸುತ್ತದೆ. ಮಧ್ಯಮ ಮಟ್ಟವೆಂದರೆ ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎನ್ನುವಷ್ಟು ಏದುಸಿರು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಊಟ ಮಾಡಿ, ಕೈಯೂರದೆ ಏಳುವ ಅಭ್ಯಾಸ ಇರುವ ಮನೆಗಳಲ್ಲಿ ಕಾಲಿನ ಬಲ, ಸೊಂಟದ ಬಾಗುವಿಕೆ, ಸಮತೋಲನ ಮೂರಕ್ಕೂ ದಿನವೂ ಒಂದಿಷ್ಟು ಕೆಲಸ ಸಿಗುತ್ತದೆ. ಊಟದ ಮೇಜು ಬಂದ ಮನೆಗಳಲ್ಲಿ ಅದನ್ನು ಬೇರೆಯಾಗಿ ಮಾಡಿಕೊಳ್ಳಬೇಕು. ಮಂಡಿನೋವು ಇರುವವರು ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರುವುದರಿಂದ ಆರಂಭಿಸಬಹುದು. ಒಂಟಿಕಾಲಿನ ಅಭ್ಯಾಸವನ್ನು ಗೋಡೆಗೆ ಅಥವಾ ಗಟ್ಟಿಯಾದ ಮೇಜಿಗೆ ಕೈ ಎಟಕುವಷ್ಟು ಹತ್ತಿರ ನಿಂತು, ಒದ್ದೆ ನೆಲವಿಲ್ಲದ ಕಡೆ, ಬರಿಗಾಲಿನಲ್ಲಿ ಮಾಡುವುದು ಕ್ಷೇಮ. ತಲೆಸುತ್ತು ಅಥವಾ ಮೂಳೆ ಸವೆತ ಇರುವವರು ಮೊದಲು ವೈದ್ಯರನ್ನು ಕೇಳಿಕೊಳ್ಳಬೇಕು.